ಎಂಜಿನ್ ಓಡುತ್ತಿದೆ ಎಂದರೆ ಸಾಲದು

ಹೇಮಾವತಿ ಉಕ್ಕಿದರೆ ಹೊಳೆನರಸೀಪುರದ ನದಿದಂಡೆ, ಕಾವೇರಿ ಏರಿದರೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ತಗ್ಗು ನೀರಿನಡಿ ಸೇರುತ್ತವೆ. ಇಂಥ ನೆರೆಯಲ್ಲಿ ಜನರನ್ನು ಹೊರತರಲು ಅಗ್ನಿಶಾಮಕ ದಳದವರು ಇಳಿಸುವ ರಬ್ಬರ್ ದೋಣಿಗೆ ಹಿಂಬದಿಯಲ್ಲಿ ಔಟ್‌ಬೋರ್ಡ್ ಎಂಜಿನ್ ಇರುತ್ತದೆ. ಮೇಲೆ ಸಪಾಟಾದ ಕೆಂಪು ನೀರು. ಕೆಳಗೆ ಬೇಲಿಯ ಕಲ್ಲುಕಂಬ, ತೆಂಗಿನ ಬುಡ, ಪಂಪ್‌ಸೆಟ್ಟಿನ ಪೈಪು. ಗೊರೂರು ಜಲಾಶಯದ ಹಿನ್ನೀರಿನ ಪಾಡೂ ಅಷ್ಟೇ. ಮಳೆಗಾಲದಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನೇ ಮುಳುಗಿಸುವ ಆ ನೀರು ಏರಿಳಿದಂತೆಲ್ಲ, ಹಿಂದಿನ ವಾರ ಆಳದಲ್ಲಿದ್ದ ಕಲ್ಲು ಈ ವಾರ ಎಂಜಿನ್ನಿನ ಮಟ್ಟಕ್ಕೆ ಬಂದಿರುತ್ತದೆ. ಪ್ರೊಪೆಲ್ಲರ್ ಏನಕ್ಕೋ ಬಡಿದು ನಿಂತು, ಮತ್ತೆ ಸ್ಟಾರ್ಟ್ ಆದರೆ ಎಲ್ಲರಿಗೂ ನಿರಾಳ. ಆದರೆ ಸ್ಟಾರ್ಟ್ ಆಯಿತೆಂಬುದು ಮೇಲಿನ ಎಂಜಿನ್ನಿನ ಸುದ್ದಿ. ಪೆಟ್ಟು ಬಿದ್ದದ್ದು ಕೆಳಗೆ. ಒಳ್ಳೆಯ ಮೆಕ್ಯಾನಿಕ್ಕಿನ ಕೆಲಸ ಶುರುವಾಗುವುದೇ ಈ ವ್ಯತ್ಯಾಸದಿಂದ.

ಎಂಜಿನ್ನಿನಿಂದ ನೇರ ಕೆಳಗಿಳಿಯುವ ಶಾಫ್ಟಿನ ತಿರುಗು, ತುದಿಯ ಗೇರುಗಳಲ್ಲಿ ಅಡ್ಡಕ್ಕೆ ಹೊರಳಿ ಪ್ರೊಪೆಲ್ಲರಿಗೆ ಮುಟ್ಟುತ್ತದೆ. ಹುಡುಕಾಟವೂ ಅದೇ ದಾರಿಯಲ್ಲಿ, ಕೆಳಗಿನಿಂದ ಮೇಲಕ್ಕೆ ಸಾಗಬೇಕು. ರೆಕ್ಕೆ ಮುಕ್ಕಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಪ್ರೊಪೆಲ್ಲರಿನೊಳಗಿನ ರಬ್ಬರ್ ಬುಷ್ ಜಾರುತ್ತಿದ್ದರೆ ನಿಧಾನಕ್ಕೆ ಹೋಗುವ ದೋಣಿ, ಥ್ರಾಟಲ್ ಏರಿಸಿದೊಡನೆ ಬರೀ ಸದ್ದು ಮಾಡಿ ಮುಂದೆ ಸಾಗದು. ಬುಷ್ಷಿನ ಒಳಗಿನ ಲೋಹದಿಂದ ಹೊರಗಿನ ಭಾಗದವರೆಗೆ ಬಣ್ಣದ ಒಂದು ಗೆರೆ ಎಳೆದು ಓಡಿಸಿ ನೋಡಿದರೆ, ಗೆರೆ ತುಂಡಾಗಿರುವುದೇ ಸಾಕ್ಷಿ. ಆಮೇಲೆ ಪ್ರೊಪೆಲ್ಲರ್ ಕಳಚಿ, ಸ್ಪಾರ್ಕ್ ಪ್ಲಗ್ಗಿನ ವೈರ್ ಬಿಡಿಸಿ, ಶಾಫ್ಟಿನ ತುದಿಯ ಪಕ್ಕ ಒಂದು ತಂತಿಯನ್ನು ಅಲುಗದಂತೆ ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿ ಕೈಯಿಂದ ತಿರುಗಿಸಬೇಕು. ತಂತಿಗೂ ಶಾಫ್ಟಿಗೂ ನಡುವಿನ ಸಂದು ಹೆಚ್ಚುಕಡಿಮೆಯಾದರೆ ಶಾಫ್ಟ್ ಬಾಗಿದೆ. ಬಾಗಿದ ಶಾಫ್ಟ್ ಸೀಲನ್ನು ತಿನ್ನುತ್ತದೆ, ಸೀಲಿನ ಮೂಲಕ ನೀರು ಗೇರಿಗೆ ಇಳಿಯುತ್ತದೆ. ಓಡಿದ ಕೂಡಲೇ ತೆಗೆದ ಗೇರ್ ಆಯಿಲ್ ಆಗ ಹಾಲು ಹೆಚ್ಚಾದ ಕಾಫಿಯಂತಿರುತ್ತದೆ. ರಾತ್ರಿಯಿಡೀ ನಿಂತ ಮೇಲೆ ಡ್ರೈನ್ ಬೋಲ್ಟ್ ಸಡಿಲಿಸಿದರೆ ಮೊದಲು ನೀರೇ ಬರಬಹುದು. ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿದ ನುಣುಪು ಬೂದು ಹುಡಿ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಗೇರಿನ ಹಲ್ಲೇ ಮುರಿದಿರಬಹುದು.

ರಬ್ಬರ್ ಬುಷ್, ಸಣ್ಣ ಎಂಜಿನ್ನಿನಲ್ಲಿ ಮುರಿಯಲೆಂದೇ ಹಾಕುವ ಶಿಯರ್ ಪಿನ್, ಇವು ಇರುವುದೇ ಗೇರನ್ನು ಕಾಪಾಡಲಿಕ್ಕಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅವು ತಡೆಯುವುದು ತಿರುಚುವ ಬಲವನ್ನು ಮಾತ್ರ. ಕಲ್ಲುಕಂಬ ಗೇರ್‌ಕೇಸಿಗೋ ಅದರ ಕೆಳಗಿನ ರೆಕ್ಕೆಗೋ ಬಡಿದರೆ ಆ ಪೆಟ್ಟು ಪಿನ್ನಿನ ತಂಟೆಗೇ ಹೋಗದೆ ಕೇಸನ್ನು ಬಿರಿಸಬಹುದು, ದೋಣಿಗೆ ಎಂಜಿನ್ ಹಿಡಿದ ಬ್ರಾಕೆಟ್ಟನ್ನು ಸಡಿಲಿಸಬಹುದು. ಸಮಯವೆಲ್ಲಿದೆ ಎಂಬ ಮಾತಿಗೆ ಇನ್ನೂ ಹೆಚ್ಚು ತೂಕವಿದೆ. ಕರಾವಳಿಯ ಮೀನುಗಾರರನ್ನೇ ನೋಡಿ: ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿವರೆಗಿನ ಎಂಜಿನ್ನಿನ ನಾಡದೋಣಿಗಳ ದುಡಿಮೆ ಆ ದಿನಗಳಲ್ಲೇ. ಹೊಳೆಗಳು ಅಳಿವೆಗೆ ಮರದ ದಿಮ್ಮಿ ತರುವುದೂ ಆಗಲೇ. ಹಾಗೆಂದು ಪ್ರತಿ ಬಡಿತಕ್ಕೂ ಗೇರ್‌ಕೇಸ್ ಬಿಚ್ಚಬೇಕೆಂದು ಯಾರೂ ಹೇಳುವುದಿಲ್ಲ. ಆಯಿಲ್ ನೋಡುವುದು, ಶಾಫ್ಟ್ ತಿರುಗಿಸುವುದು ಅಲ್ಪ ಹೊತ್ತಿನ ಕೆಲಸ. ಅವೆರಡರಲ್ಲಿ ಅನುಮಾನ ಬಂದರಷ್ಟೇ ಬಿಚ್ಚುವ ಮಾತು. ಬಿಚ್ಚಿದ ಮೇಲೆ ಸೀಲ್ ಮಾತ್ರ ಬದಲಿಸಿ ಕಳಿಸುವುದು ತಪ್ಪು. ಬಾಗಿದ ಶಾಫ್ಟ್ ಅಲ್ಲೇ ಇದ್ದರೆ ಹೊಸ ಸೀಲೂ ಹಳೆಯದರಂತೆಯೇ ಹೋಗುತ್ತದೆ, ಅದೂ ಬಹುಶಃ ದೋಣಿಯ ತುಂಬ ಜನರಿರುವಾಗ, ನಡುಹೊಳೆಯಲ್ಲಿ.