ನಿಮಗಿದು ಗೊತ್ತೆ? ಗೊಬ್ಬರ ಗಣಿಯ ಕಸ ವೆಲ್ಡಿಂಗ್ ರಾಡ್‌ಗೆ ಲೇಪ!

ಗೊಬ್ಬರಕ್ಕಾಗಿ ಅಗೆದ ಗಣಿಯ ಕಸವನ್ನು ವೆಲ್ಡಿಂಗ್ ರಾಡ್‌ಗೆ ಬಳಿಯಬಹುದು! ರಷ್ಯಾದ ಕೋಲಾ ಪರ್ಯಾಯ ದ್ವೀಪದ ಖಿಬಿನಿ ಬೆಟ್ಟಗಳಲ್ಲಿ ರಂಜಕ ಗೊಬ್ಬರಕ್ಕೆ ಬೇಕಾದ ಅಪಟೈಟ್ ತೆಗೆಯುತ್ತಾರೆ. ಉಳಿದ ಹುಡಿಯಲ್ಲಿ ಟೈಟನೈಟ್ ಎಂಬ ಖನಿಜವಿರುತ್ತದೆ. ಟೈಟಾನಿಯಂ, ಕ್ಯಾಲ್ಸಿಯಂ, ಸಿಲಿಕಾನ್ ಮೂರೂ ಅದರಲ್ಲೇ ಇವೆ. ರಾಡ್‌ನ ಲೇಪಕ್ಕೆ ಬೇಕಾದವೂ ಇವೇ. ಹೀಗಾಗಿ, ಸಾಮಾನ್ಯವಾಗಿ ಕಡಲತೀರದ ಮರಳಿನಿಂದ ಪಡೆಯುವ ರುಟೈಲ್ ಖನಿಜದ ಬದಲು ಟೈಟನೈಟ್ ಬಳಸುವ ವಿಧಾನವನ್ನು ಅಲ್ಲಿನ ವಿಜ್ಞಾನಿಗಳು ರೂಪಿಸಿದ್ದಾರೆ.

ಲೇಪದ ಕೆಲಸ ದೊಡ್ಡದು. ಅದು ಬೆಸೆಯುವಾಗಿನ ವಿದ್ಯುತ್ ಕಿಡಿ ನಂದದಂತೆ ಕಾಯುತ್ತದೆ. ಕರಗಿ ಬೆಸುಗೆಯ ಮೇಲೆ ಗಟ್ಟಿ ಪದರವಾಗಿ, ಕಾದ ಲೋಹಕ್ಕೆ ಗಾಳಿ ತಾಗದಂತೆ ತಡೆಯುತ್ತದೆ. ವೆಲ್ಡರ್ ಕೊನೆಗೆ ಸುತ್ತಿಗೆಯಿಂದ ತಟ್ಟಿ ಉದುರಿಸುವುದು ಈ ಪದರವನ್ನೇ.

ಆದರೆ ಕಸವನ್ನು ಹಾಗೇ ಬಳಿಯುವಂತಿಲ್ಲ. ಅದರಲ್ಲಿ ಉಳಿದ ಅಪಟೈಟನ್ನು ಮೊದಲು ತೊಲಗಿಸಬೇಕು. ಗಿಡಕ್ಕೆ ಪೋಷಕವಾದ ಅದರೊಳಗಿನ ರಂಜಕ ಉಕ್ಕಿನ ಬೆಸುಗೆಗೆ ಸೇರಿದರೆ ಬೆಸುಗೆ ಪೆಡಸಾಗಿ ಬಿರುಕು ಬಿಡಬಹುದು.