ಅಲುಗದ ನೆಲ ಹುಡುಕುತ್ತಾ ಎಂಟು ಮೀಟರ್ ಕೆಳಗೆ

1981ರ ಮಾರ್ಚ್ 16ರ ರಾತ್ರಿ. ಜ್ಯೂರಿಕ್ ಪಕ್ಕದ ರೂಶ್ಲಿಕಾನ್ ಎಂಬ ಊರಿನ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಸಂಗಡಿಗರು ಉಸಿರು ಬಿಗಿಹಿಡಿದು ಕೂತಿದ್ದರು. ಕಾತರವಂತೂ ಇತ್ತು, ಉಸಿರಾಡಿದರೆ ಉಪಕರಣ ಎಲ್ಲಿ ಅದುರಿಬಿಡುತ್ತದೋ ಎಂಬ ಭಯ ಅದಕ್ಕಿಂತ ಹೆಚ್ಚು. ಟಂಗ್‌ಸ್ಟನ್ ಸೂಜಿಯ ಮೊನೆ ಪ್ಲಾಟಿನಂ ತಗಡಿಗೆ ತಾಗಿಯೂ ತಾಗದಂತೆ ನಿಂತಿತ್ತು. ನಡುವಿನ ಸಂದು ಒಂದು ನ್ಯಾನೊಮೀಟರಿನ ಹತ್ತನೇ ಒಂದು ಪಾಲು ಹಿಗ್ಗಿದರೆ ಸಾಕು, ಹರಿಯುವ ವಿದ್ಯುತ್ತು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ.

ಅದುರಾಟದ ಕಾಟ ತಪ್ಪಿಸಲು ಅವರು ಮೊದಲು ಉಪಕರಣವನ್ನು ಅಯಸ್ಕಾಂತಕ್ಕೆ ಕೂರಿಸಿ, ದ್ರವ ಹೀಲಿಯಂನಿಂದ ತಣಿಸಿದ ಸೀಸದ ಬೋಗುಣಿಯ ಮೇಲೆ ತೇಲಿಬಿಟ್ಟಿದ್ದರು! ಬಿಡಿ ಪರಮಾಣುಗಳನ್ನೇ ಕಾಣಿಸಿದ ಆ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್‌ಗೆ 1986ರ ನೊಬೆಲ್‌ನಲ್ಲಿ ಪಾಲು ತಂದಿತು.

ನ್ಯಾನೊ ಕೆಲಸಕ್ಕೆ ಧೂಳೂ ಆಗಿಬರದು. ಅದಕ್ಕೆ ಮದ್ದು 1960ರ ದಶಕದ ಆರಂಭದಲ್ಲೇ ಸಿಕ್ಕಿತ್ತು. ಕೋಣೆ ಎಷ್ಟು ಗುಡಿಸಿದರೂ ಒಳಗಿರುವ ಮನುಷ್ಯರೇ ಧೂಳು ಉದುರಿಸುತ್ತಾರಲ್ಲ? ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ವಿಲಿಸ್ ವಿಟ್‌ಫೀಲ್ಡ್ ಸೋಸಿದ ಗಾಳಿಯನ್ನು ಒಂದೇ ಸಮನೆ ಹರಿಸಿ, ಧೂಳನ್ನು ನೆಲದ ಜಾಲರಿಯಿಂದ ಹೊರದಬ್ಬಿದರು. ಆದರೆ ಅಷ್ಟು ಗಾಳಿಗೆ ಫ್ಯಾನುಗಳು ಹಗಲೂ ರಾತ್ರಿ ತಿರುಗಬೇಕು. ಫ್ಯಾನು ತಿರುಗಿದರೆ ಕಟ್ಟಡ ಅದುರುತ್ತದೆ. ಒಂದೇ ಮನೆಯಲ್ಲಿ ಹಿಟ್ಟಿನ ಗಿರಣಿಯೂ ಓಡಬೇಕು, ತೊಟ್ಟಿಲ ಕೂಸೂ ಏಳಬಾರದು. ನ್ಯಾನೊ ಕಟ್ಟಡ ಕಟ್ಟುವವರ ತಲೆನೋವೇ ಇದು.

2011ರ ಮೇ ತಿಂಗಳಲ್ಲಿ ಅದೇ ರೂಶ್ಲಿಕಾನ್‌ನಲ್ಲಿ, ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದ ಜೊತೆಗೂಡಿ, ಐಬಿಎಂ ಹೊಸ ಕಟ್ಟಡ ತೆರೆಯಿತು. ಹೆಸರು ಬಿನ್ನಿಗ್-ರೋರರ್ ನ್ಯಾನೊ ತಂತ್ರಜ್ಞಾನ ಕೇಂದ್ರ. ಗಿರಣಿಯ ಪಾಲಿಗೆ ಸುಮಾರು 950 ಚದರ ಮೀಟರ್‌ನ ಕ್ಲೀನ್‌ರೂಮ್. ಕೂಸಿನ ಪಾಲಿಗೆ ನೆಲದಿಂದ ಎಂಟು ಮೀಟರ್ ಆಳದಲ್ಲಿ ಆರು ನಿಶ್ಶಬ್ದ ಕೋಣೆಗಳು. ಅಲ್ಲಿ ಉಪಕರಣ ಕೂರುವುದು ಹತ್ತಾರು ಟನ್ ತೂಗುವ ಕಾಂಕ್ರೀಟ್ ದಿಮ್ಮಿಯ ಮೇಲೆ. ಆ ದಿಮ್ಮಿ ಕೂರುವುದು ಗಾಳಿಯ ಸ್ಪ್ರಿಂಗುಗಳ ಮೇಲೆ. ಹೊರಗಿನ ಕಾಂತಕ್ಷೇತ್ರ ನುಸುಳದಂತೆ ಗೋಡೆಗೆ ನಿಕಲ್-ಕಬ್ಬಿಣದ ಮಿಶ್ರಲೋಹದ ಹೊದಿಕೆ. ಸದ್ದು ಮಾಡುವ ಪಂಪುಗಳಿಗೆ ಬೇರೆ ಕೋಣೆ. ಮೈಶಾಖ, ಹೆಜ್ಜೆಸಪ್ಪಳ ಎರಡನ್ನೂ ಹೊತ್ತು ತರುವ ವಿಜ್ಞಾನಿಗೂ ಬೇರೆ ಕೋಣೆ! ಉಸಿರು ಬಿಗಿಹಿಡಿಯುವ ಗೋಜೇ ಇಲ್ಲ.

ಒಟ್ಟು ಖರ್ಚು 9 ಕೋಟಿ ಡಾಲರ್. ಅದರಲ್ಲಿ ಉಪಕರಣಗಳಿಗೆ ಹೋದದ್ದು 3 ಕೋಟಿ, ಕಟ್ಟಡಕ್ಕೆ 6 ಕೋಟಿ.