ಇ-ಮೇಲಿನ ಮಹಾಪೂರ: ಗದ್ದಲದ ಮರೆಯಲ್ಲೊಂದು ಪತ್ರ

ಊರಿನಿಂದ ಬರುವ ಕಾಗದಕ್ಕಾಗಿ ಅಂಚೆಯವನ ದಾರಿ ನೋಡುತ್ತಿದ್ದ ತಲೆಮಾರು ನಮ್ಮ ಮುಂಬಯಿ ಕನ್ನಡಿಗರಲ್ಲಿ ಇನ್ನೂ ಇದೆ. ಒಂದು ಇನ್‌ಲ್ಯಾಂಡ್ ಪತ್ರವನ್ನು ಮನೆಮಂದಿಯೆಲ್ಲ ಸುತ್ತ ಕುಳಿತು ಓದುತ್ತಿದ್ದ ಕಾಲವದು. ಇಂದು ಪತ್ರಗಳಿಗೆ ಬರವಿಲ್ಲ. ಬೆಳಗಾದರೆ ನಮ್ಮ ಇ-ಮೇಲ್ ಪೆಟ್ಟಿಗೆಯಲ್ಲಿ ಸಾಲದ ಆಮಿಷ, ಔಷಧಿಯ ಜಾಹೀರಾತು, ಬಂದಿಲ್ಲದ ಲಾಟರಿಯ ಬಹುಮಾನ ಎಲ್ಲವೂ ಬಂದು ಬಿದ್ದಿರುತ್ತವೆ. ಸ್ಪ್ಯಾಮ್ ಎಂದು ಕರೆಯಲಾಗುವ ಈ ಬೇಡದ ಅಂಚೆಗೆ ನಾವು ಒಗ್ಗಿಹೋಗಿದ್ದೇವೆ. ಆದರೆ ಒಂದು ದಿನ ಇದ್ದಕ್ಕಿದ್ದಂತೆ ಗಂಟೆಗೆ ನೂರಾರು, ದಿನಕ್ಕೆ ಸಾವಿರಾರು ಪತ್ರಗಳು ಒಂದೇ ವಿಳಾಸಕ್ಕೆ ನುಗ್ಗಿ ಬಂದರೆ ಅದನ್ನು ಬೇರೆಯೇ ದೃಷ್ಟಿಯಿಂದ ನೋಡಬೇಕಾಗುತ್ತದೆ.

ಜ್ವರವು ಸ್ವತಃ ರೋಗವಲ್ಲ, ಒಳಗಿರುವ ರೋಗದ ಲಕ್ಷಣ ಎಂದು ವೈದ್ಯರು ಹೇಳುತ್ತಾರೆ. ಈ ಸಂಚಿಕೆಯ ಆರೋಗ್ಯ ಲೇಖನಗಳನ್ನು ಓದುವವರಿಗೆ ಆ ಮಾತು ಹೊಸದಲ್ಲ. ಇ-ಮೇಲಿನ ಹಠಾತ್ ಪ್ರವಾಹವೂ ಬಹುಮಟ್ಟಿಗೆ ಅಂತಹುದೇ ಲಕ್ಷಣ. ಅದರ ಅಡಿಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಬ್ಯಾಂಕಿನ ಕೌಂಟರಿನ ಈಚೆ ಬದಿಯಿಂದ ವಿವರಿಸುವುದೇ ಈ ಲೇಖನದ ಉದ್ದೇಶ.

ಹಿನ್ನೆಲೆ

ಬೇಡದ ಇ-ಮೇಲಿನ ಇತಿಹಾಸ ನಾವು ತಿಳಿದಷ್ಟು ಹೊಸತಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಸಂಸ್ಥೆಯ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಎಂಬವರು, ಅಂದಿನ ಆರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಮಂದಿಗೆ ತಮ್ಮ ಸರಕಿನ ಜಾಹೀರಾತನ್ನು ಒಟ್ಟಿಗೆ ಕಳುಹಿಸಿದರು. ಇದನ್ನೇ ಪ್ರಪಂಚದ ಮೊದಲ ಸ್ಪ್ಯಾಮ್ ಎಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಅಂದಿನಿಂದ ಇಂದಿನವರೆಗೂ ಇದರ ಅರ್ಥಶಾಸ್ತ್ರ ಬದಲಾಗಿಲ್ಲ. ಕಳುಹಿಸುವವನಿಗೆ ವೆಚ್ಚ ನಗಣ್ಯ, ನಷ್ಟವೆಲ್ಲ ಪಡೆಯುವವನದು.

ಪ್ರವಾಹ ಉಂಟಾಗುವ ಬಗೆ

ಮಾಮೂಲಿ ಸ್ಪ್ಯಾಮನ್ನು ಇ-ಮೇಲ್ ಸಂಸ್ಥೆಗಳು ಸೋಸಿ ಬೇರೆಡೆಗೆ ಹಾಕುತ್ತವೆ. ಆದರೆ ಈ ಪ್ರವಾಹದ ಪತ್ರಗಳು ಆ ಜರಡಿಯಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಇವುಗಳನ್ನು ಕಳುಹಿಸುವವರು ಬಹುತೇಕ ನಿಜವಾದ, ಗೌರವಸ್ಥ ಸಂಸ್ಥೆಗಳೇ ಆಗಿರುತ್ತಾರೆ. ಜಗತ್ತಿನ ಸಾವಿರಾರು ಅಂಗಡಿಗಳು, ಪತ್ರಿಕೆಗಳು, ಸಂಘಗಳು ತಮ್ಮ ಜಾಲತಾಣಗಳಲ್ಲಿ ‘ನಿಮ್ಮ ಇ-ಮೇಲ್ ವಿಳಾಸ ಕೊಡಿ, ನಮ್ಮ ವಾರ್ತಾಪತ್ರ ಕಳುಹಿಸುತ್ತೇವೆ’ ಎಂದು ಒಂದು ಚೌಕವನ್ನಿಟ್ಟಿರುತ್ತವೆ. ವಿಳಾಸ ಬರೆದವನು ಅದರ ಒಡೆಯನೇ ಹೌದೋ ಅಲ್ಲವೋ ಎಂದು ಅನೇಕ ತಾಣಗಳು ಮೊದಲೇ ವಿಚಾರಿಸುವುದಿಲ್ಲ. ದುಷ್ಕರ್ಮಿಯು ಒಂದು ಸಣ್ಣ ಕಂಪ್ಯೂಟರ್ ಕಾರ್ಯಕ್ರಮದ ಮೂಲಕ ನಿಮ್ಮ ವಿಳಾಸವನ್ನು ಇಂತಹ ಸಾವಿರಾರು ಚೌಕಗಳಲ್ಲಿ ಕೆಲವೇ ನಿಮಿಷಗಳಲ್ಲಿ ತುಂಬಿಸಿಬಿಡುತ್ತಾನೆ. ಒಂದೊಂದು ತಾಣವೂ ‘ತಮಗೆ ಸ್ವಾಗತ’, ‘ದಯವಿಟ್ಟು ದೃಢಪಡಿಸಿ’ ಎಂದು ನಿಮಗೆ ಪತ್ರ ಬರೆಯುತ್ತದೆ. ಹೆಸರು ಕೇಳರಿಯದ ದೇಶಗಳಿಂದ, ಓದಲು ಬಾರದ ಭಾಷೆಗಳಲ್ಲಿ ಸ್ವಾಗತ ಪತ್ರಗಳು ಬಂದು ಬೀಳುವುದು ಹೀಗೆ.

2016ರ ಆಗಸ್ಟ್‌ನಲ್ಲಿ ಅಮೆರಿಕದ ಸರ್ಕಾರಿ ಇ-ಮೇಲ್ ವಿಳಾಸಗಳ ಮೇಲೆಯೇ ಇಂತಹ ದಾಳಿ ನಡೆದು ಸುದ್ದಿಯಾಗಿತ್ತು. ಹಾಗಿದ್ದ ಮೇಲೆ ಸಾಮಾನ್ಯನ ವಿಳಾಸ ಯಾವ ಲೆಕ್ಕ?

ಉದ್ದೇಶವೇನು?

ಜಾತ್ರೆಯಲ್ಲಿ ಒಬ್ಬ ಗಲಾಟೆ ಎಬ್ಬಿಸಿದರೆ ಇನ್ನೊಬ್ಬ ಕಿಸೆ ಕತ್ತರಿಸುತ್ತಾನೆ. ಸಂಜೆಯ ಹೊತ್ತು ದಾದರ್ ನಿಲ್ದಾಣದಲ್ಲಿ ಲೋಕಲ್ ಗಾಡಿ ಹತ್ತುವವರಿಗೆ ಈ ತಂತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ. ಇ-ಮೇಲ್ ಪ್ರವಾಹದ ಮರ್ಮವೂ ಇದೇ. ವಂಚಕನ ಕೈಗೆ ನಿಮ್ಮ ಕಾರ್ಡಿನ ವಿವರವೋ, ಯಾವುದಾದರೂ ಖರೀದಿ ತಾಣದ ಪಾಸ್‌ವರ್ಡೋ ಮೊದಲೇ ಸಿಕ್ಕಿರುತ್ತದೆ. ಅದನ್ನು ಬಳಸಿದ ಕ್ಷಣವೇ ನಿಮಗೆ ಎಚ್ಚರಿಕೆಯ ಪತ್ರ ಬರುತ್ತದೆಂಬುದು ಅವನಿಗೆ ಗೊತ್ತು. ಆ ಪತ್ರವನ್ನು ತಡೆಯುವ ಶಕ್ತಿ ಅವನಿಗಿಲ್ಲ. ಆದುದರಿಂದ ಅದನ್ನು ಸಾವಿರ ಪತ್ರಗಳ ಕೆಳಗೆ ಹೂಳುತ್ತಾನೆ.

ನಮ್ಮ ಶಾಖೆಗೆ ಬಂದ ಒಂದು ಪ್ರಕರಣವನ್ನು ಇಲ್ಲಿ ಹೇಳಬಹುದು. ನಿವೃತ್ತ ಹಿರಿಯರೊಬ್ಬರ ವಿಳಾಸಕ್ಕೆ ಒಂದು ರಾತ್ರಿ ಎರಡು ಸಾವಿರಕ್ಕೂ ಮಿಕ್ಕಿ ಪತ್ರಗಳು ಬಂದಿದ್ದವು. ಬೆಳಗ್ಗೆ ಅದನ್ನು ಕಂಡು ಅವರಿಗೆ ತಲೆ ಸುತ್ತಿದಂತಾಯಿತು. ರಜೆಗೆ ಬಂದಿದ್ದ ಮೊಮ್ಮಗ ‘ಅಜ್ಜ, ಚಿಂತೆ ಮಾಡಬೇಡಿ’ ಎಂದು ಎಲ್ಲವನ್ನೂ ಒಟ್ಟಿಗೆ ಆರಿಸಿ ಅಳಿಸಿಹಾಕಿದ. ಪೆಟ್ಟಿಗೆ ಶುಭ್ರವಾಯಿತು, ಮನೆಯಲ್ಲಿ ನೆಮ್ಮದಿ ನೆಲೆಸಿತು. ಇಪ್ಪತ್ತು ದಿನಗಳ ಬಳಿಕ ಕಾರ್ಡಿನ ಲೆಕ್ಕಪತ್ರ ಬಂದಾಗ, ಅವರು ಹೆಸರನ್ನೂ ಕೇಳಿರದ ವಿದೇಶಿ ಮಾರಾಟ ತಾಣವೊಂದರಲ್ಲಿ ಎಪ್ಪತ್ತು ಸಾವಿರ ರೂಪಾಯಿಗಳ ಖರೀದಿ ಕಾಣಿಸಿತು. ಬ್ಯಾಂಕು ಆ ರಾತ್ರಿಯೇ ಎಚ್ಚರಿಸಿತ್ತು. ಇ-ಮೇಲ್ ಉಳಿದವುಗಳೊಂದಿಗೆ ಅಳಿಸಿಹೋಗಿತ್ತು. ಎಸ್ಸೆಮ್ಮೆಸ್ ಹೋದದ್ದು ಕಪಾಟಿನಲ್ಲಿ ಸ್ವಿಚ್ ಆರಿಸಿಟ್ಟಿದ್ದ ಹಳೆಯ ಮೊಬೈಲಿಗೆ! ‘ಟ್ರ್ಯಾಷ್’ ಎಂಬ ಕಸದ ಬುಟ್ಟಿಯನ್ನು ತೆರೆದು ಹುಡುಕಿದಾಗ ಆ ಪತ್ರ ಅಲ್ಲಿಯೇ ಇತ್ತು. ಅವರಿಗೆ ಹಿಂದಿರುಗಿದ್ದು ಹಣದ ಒಂದು ಭಾಗ ಮಾತ್ರ.

ಇನ್ನೊಂದು ಬಗೆಯ ಮೋಸವೂ ಉಂಟು. 2024ರಲ್ಲಿ ಬ್ಲ್ಯಾಕ್ ಬಾಸ್ಟಾ ಎಂಬ ವಂಚಕರ ಗುಂಪು ವಿದೇಶಗಳ ಅನೇಕ ಸಂಸ್ಥೆಗಳ ನೌಕರರ ಪೆಟ್ಟಿಗೆಗಳನ್ನು ಹೀಗೆಯೇ ತುಂಬಿಸಿತು. ಬಳಿಕ ‘ನಾವು ಕಂಪ್ಯೂಟರ್ ವಿಭಾಗದವರು, ನಿಮ್ಮ ತೊಂದರೆ ಸರಿಪಡಿಸುತ್ತೇವೆ’ ಎಂದು ತಾವೇ ಕರೆ ಮಾಡಿ, ಆ ನೌಕರರಿಂದಲೇ ಕಂಪ್ಯೂಟರಿನ ಹತೋಟಿಯನ್ನು ಪಡೆದುಕೊಂಡಿತು. ಬೆಂಕಿಯಿಟ್ಟವನೇ ನೀರಿನ ಕೊಡ ಹಿಡಿದು ಬಂದಂತೆ! ಪ್ರವಾಹದ ಬೆನ್ನಿಗೇ ಕರೆಯದೆ ಬರುವ ನೆರವನ್ನು ನಂಬಬಾರದು.

ಮೂರು ದಿನಗಳ ಲೆಕ್ಕ

ಇಲ್ಲಿ ಕಾಲದ ಪ್ರಶ್ನೆ ಬಹಳ ಮುಖ್ಯ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಆದೇಶದಲ್ಲಿ, ಅನಧಿಕೃತ ವಿದ್ಯುನ್ಮಾನ ವ್ಯವಹಾರಗಳಿಂದಾದ ನಷ್ಟದಲ್ಲಿ ಗ್ರಾಹಕನ ಹೊಣೆ ಎಷ್ಟೆಂಬುದನ್ನು ನಿಗದಿಪಡಿಸಿತು. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಮೂರನೆಯವರಿಂದ ನಷ್ಟವಾಗಿದ್ದರೆ, ಮೂರು ಕೆಲಸದ ದಿನಗಳೊಳಗೆ ದೂರಿತ್ತ ಗ್ರಾಹಕನಿಗೆ ಹೊಣೆಯೇ ಇಲ್ಲ. ನಾಲ್ಕರಿಂದ ಏಳು ದಿನಗಳಾದರೆ ಸೀಮಿತ ಹೊಣೆ. ಸಾಧಾರಣ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ. ಏಳು ದಿನ ಮೀರಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ ತೀರ್ಮಾನ. ಗ್ರಾಹಕನೇ ಪಾಸ್‌ವರ್ಡನ್ನೋ ಓಟಿಪಿಯನ್ನೋ ಪರರಿಗೆ ತಿಳಿಸಿದ್ದರೆ, ದೂರು ಕೊಡುವವರೆಗಿನ ನಷ್ಟವೆಲ್ಲ ಅವನದೇ.

ಈ ದಿನಗಳನ್ನು ಎಣಿಸುವುದು ಎಲ್ಲಿಂದ? ನೀವು ಪತ್ರವನ್ನು ಓದಿದ ದಿನದಿಂದಲ್ಲ. ಬ್ಯಾಂಕಿನ ಸೂಚನೆ ನಿಮಗೆ ತಲಪಿದ ದಿನವನ್ನು ಬಿಟ್ಟು ಮರುದಿನದಿಂದ. ಅಂದರೆ ಓದದೆ ಅಳಿಸಿದ ಪತ್ರವೂ ತಲಪಿದ ಪತ್ರವೇ. ಇಂತಹ ನಿಯಮಗಳು ಕಾಲಕಾಲಕ್ಕೆ ಪರಿಷ್ಕೃತವಾಗುತ್ತವೆ; ಆದರೆ ವಿಳಂಬಕ್ಕೆ ಬೆಲೆ ತೆರಬೇಕೆಂಬ ತತ್ವ ಬದಲಾಗುವಂತಹುದಲ್ಲ.

ಮಾಡಬೇಕಾದುದೇನು?

ಮೊದಲನೆಯದಾಗಿ, ಏನನ್ನೂ ಅಳಿಸಬೇಡಿ. ಪೆಟ್ಟಿಗೆಯ ಹುಡುಕುವ ಸ್ಥಳದಲ್ಲಿ ನಿಮ್ಮ ಬ್ಯಾಂಕಿನ ಹೆಸರು, ನೀವು ಖರೀದಿಸುವ ತಾಣಗಳ ಹೆಸರು, ಷೇರು ಖಾತೆಯಿದ್ದರೆ ದಲ್ಲಾಳಿ ಸಂಸ್ಥೆಯ ಹೆಸರುಗಳನ್ನು ಒಂದೊಂದಾಗಿ ಬರೆದು ನೋಡಿ. ‘ಓಟಿಪಿ’, ‘ಪಾಸ್‌ವರ್ಡ್’, ‘ಆರ್ಡರ್’, ‘ಟ್ರಾನ್ಸಾಕ್ಷನ್’ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಬರೆದು ಹುಡುಕಿ.

ಎರಡನೆಯದಾಗಿ, ಪತ್ರಗಳಲ್ಲಿರುವ ಯಾವ ಕೊಂಡಿಯನ್ನೂ ಒತ್ತದೆ, ಬ್ಯಾಂಕಿನ ಅಧಿಕೃತ ಆ್ಯಪ್ ಅಥವಾ ತಾಣದ ಮೂಲಕ ಖಾತೆಯನ್ನು ತೆರೆದು ಕಳೆದ ಎರಡು ದಿನಗಳ ಜಮಾ-ಖರ್ಚನ್ನು ತಾಳೆ ನೋಡಿ. ಬ್ಯಾಂಕುಗಳು ತಮ್ಮ ಜಾಲತಾಣಗಳನ್ನು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತ್ತು. ಅಸಲಿ ತಾಣವನ್ನು ಗುರುತಿಸಲು ಇದು ಒಳ್ಳೆಯ ಕುರುಹು.

ಮೂರನೆಯದಾಗಿ, ಸಂಶಯ ಬಂದೊಡನೆ ಕಾರ್ಡನ್ನು ಸ್ಥಗಿತಗೊಳಿಸಿ ಬ್ಯಾಂಕಿಗೆ ದೂರು ಕೊಡಿ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿ. ಹಣವು ವಂಚಕನ ಖಾತೆಯಿಂದ ಮುಂದಕ್ಕೆ ಸಾಗುವ ಮುನ್ನ ಸುದ್ದಿ ಮುಟ್ಟಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಾಲ್ಕನೆಯದಾಗಿ, ಇ-ಮೇಲಿನ ಪಾಸ್‌ವರ್ಡ್ ಬದಲಿಸಿ, ಎರಡು ಹಂತಗಳ ದೃಢೀಕರಣವನ್ನು ಅಳವಡಿಸಿಕೊಳ್ಳಿ. ನಿಮ್ಮ ಪತ್ರಗಳು ಬೇರೆ ವಿಳಾಸಕ್ಕೆ ತಾವಾಗಿ ಹೋಗುವಂತೆ ಯಾರಾದರೂ ಏರ್ಪಾಡು ಮಾಡಿದ್ದಾರೆಯೇ ಎಂದು ಪೆಟ್ಟಿಗೆಯ ಸೆಟ್ಟಿಂಗ್ಸ್‌ನಲ್ಲಿ ಪರೀಕ್ಷಿಸಿ. ಬಂದ ವಾರ್ತಾಪತ್ರಗಳನ್ನೆಲ್ಲ ಒಂದೊಂದಾಗಿ ರದ್ದುಪಡಿಸುತ್ತ ಕೂರುವ ಅಗತ್ಯವಿಲ್ಲ. ಸಾಮಾನ್ಯವಾಗಿ ಪ್ರವಾಹದ ರಭಸ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಆ ಬಳಿಕ ನಿಧಾನವಾಗಿ ಕಸ ಗುಡಿಸಬಹುದು.

ಮುನ್ನೆಚ್ಚರಿಕೆ

‘ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆಯಂತಾಗದಿರಲು ಕೆಲವು ಅಭ್ಯಾಸಗಳು ನೆರವಾಗುತ್ತವೆ. ಬ್ಯಾಂಕಿಗೆಂದೇ ಒಂದು ಪ್ರತ್ಯೇಕ ಇ-ಮೇಲ್ ವಿಳಾಸವಿರಲಿ. ಅಂಗಡಿ, ಮದುವೆ ಮಂಟಪ, ಪ್ರವಾಸ ಸಂಸ್ಥೆಗಳಿಗೆ ಅದನ್ನು ಕೊಡಬೇಡಿ. ಕಾರ್ಡಿನ ವಿದೇಶಿ ಬಳಕೆಯನ್ನು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ಅನುಕೂಲವನ್ನು ಗ್ರಾಹಕರಿಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು 2020ರಲ್ಲಿ ಬ್ಯಾಂಕುಗಳಿಗೆ ಆದೇಶಿಸಿತು. ವಿದೇಶಿ ಖರೀದಿಯಿಲ್ಲದವರು ಅದನ್ನು ಮುಚ್ಚಿಡುವುದೇ ಲೇಸು. ಎಲ್ಲಕ್ಕಿಂತ ಮಿಗಿಲಾಗಿ, ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆ ನೀವು ನಿತ್ಯ ಕೈಯಲ್ಲಿ ಹಿಡಿಯುವ ಸಂಖ್ಯೆಯೇ ಆಗಿರಲಿ. ಊರು ಬಿಟ್ಟು ಊರಿಗೆ ವರ್ಗವಾಗುತ್ತ ಬಂದ ನಮ್ಮವರಲ್ಲಿ ಹಳೆಯ ಊರಿನ ಸಂಖ್ಯೆಯನ್ನೇ ಖಾತೆಯಲ್ಲಿ ಉಳಿಸಿಕೊಂಡವರು ಕಡಮೆಯಲ್ಲ.

ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ಅನೇಕರ ಮಕ್ಕಳು ದೂರದೇಶಗಳಲ್ಲಿದ್ದಾರೆ. ಪೆಟ್ಟಿಗೆ ಉಕ್ಕಿ ಹರಿದ ದಿನ ಅವರಿಗೆ ತಟ್ಟನೆ ಕೇಳಲು ಮನೆಯಲ್ಲಿ ಯಾರೂ ಇರಲಾರರು. ನೆರೆಯ ಕಟ್ಟಡದಲ್ಲಿರುವ ಕನ್ನಡಿಗ ತರುಣನೊಬ್ಬ ಅರ್ಧ ಗಂಟೆ ಜೊತೆಗೆ ಕುಳಿತು ಹುಡುಕಿಕೊಟ್ಟರೆ ಒಂದು ಸಂಸಾರದ ವರ್ಷಗಳ ಉಳಿತಾಯ ಉಳಿದೀತು. ಸಂಘಜೀವನದ ಸಾರ್ಥಕ್ಯ ಇಂತಹ ಸಣ್ಣ ಉಪಕಾರಗಳಲ್ಲಿಯೂ ಇದೆ.